ಹೆಡ್‌ಫೋನ್ ಕೊಳ್ಳುವ ಮುನ್ನ ಎಲ್ಲಿ ಹಾಕಿ ನೋಡಬಹುದು: ಮುಂಬಯಿ, ಪುಣೆ, ಗೋವಾದ ಕನ್ನಡಿಗರಿಗೆ ಒಂದು ಕೈಪಿಡಿ

ಹೆಡ್‌ಫೋನ್ ಕೊಳ್ಳಲು ಹೊರಟವರಿಗೆ ಸಲಹೆ ಹೇಳುವವರ ಕೊರತೆ ಎಂದೂ ಆಗುವುದಿಲ್ಲ. ಆದರೆ ಸಲಹೆ ಕೊಡುವವರ ಕಿವಿ ಬೇರೆ, ಕೇಳುವವರ ಕಿವಿ ಬೇರೆ. ಒಬ್ಬರಿಗೆ ಇಡೀ ದಿನ ಹಿತವಾಗಿ ಕೂರುವ ಹೆಡ್‌ಫೋನ್ ಇನ್ನೊಬ್ಬರಿಗೆ ಅರ್ಧ ಗಂಟೆಯಲ್ಲಿ ತಲೆನೋವು ತರಬಹುದು. ಒಬ್ಬರ ಕಿವಿಯೊಳಗೆ ಗಟ್ಟಿಯಾಗಿ ನಿಲ್ಲುವ ಇಯರ್‌ಬಡ್ ಇನ್ನೊಬ್ಬರ ಕಿವಿಯಿಂದ ಪ್ಲಾಟ್‌ಫಾರ್ಮಿನ ಮೆಟ್ಟಿಲು ಹತ್ತುವಷ್ಟರಲ್ಲಿ ಜಾರಬಹುದು. ಇದು ಬರೀ ಆರಾಮದ ಮಾತೂ ಅಲ್ಲ. ಕಿವಿಗೂ ಕುಶನ್ನಿಗೂ ನಡುವೆ ಸಣ್ಣ ಸಂದಿ ಉಳಿದರೂ ಮಂದ್ರದ ನಾದವೆಲ್ಲ ಅಲ್ಲಿಂದ ಸೋರಿಹೋಗುತ್ತದೆ, ಆಗ ಎಷ್ಟೇ ದುಬಾರಿಯ ಹೆಡ್‌ಫೋನಾದರೂ ತೆಳುವಾಗಿ ಕೇಳುತ್ತದೆ. ಆನ್‌ಲೈನಿನಲ್ಲಿ ತರಿಸಿ ನೋಡೋಣವೆಂದರೆ, ಕಿವಿಯೊಳಗೆ ಹೋಗುವ ವಸ್ತುವೆಂಬ ಕಾರಣಕ್ಕೆ ಇಯರ್‌ಫೋನ್‌ಗಳನ್ನು ಎಷ್ಟೋ ಮಾರಾಟಗಾರರು ಹಿಂದಕ್ಕೆ ಪಡೆಯುವುದಿಲ್ಲ. ಕೆಟ್ಟಿದ್ದರೆ ಬದಲಿಸಿ ಕೊಡುತ್ತಾರೆ, ಒಗ್ಗಲಿಲ್ಲ ಎಂದರೆ ಕೈಚೆಲ್ಲುತ್ತಾರೆ. ಆದ್ದರಿಂದ ಮೊದಲೇ ಹಾಕಿ ನೋಡುವ ಜಾಗ ಹುಡುಕುವುದು ಜಾಣತನ.

ಆದರೆ ಎಲ್ಲವನ್ನೂ ಒಂದೇ ಕಡೆ ಪರೀಕ್ಷಿಸಬಹುದಾದ ಜಾಗ ಇಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡು ಹೊರಡಬೇಕು. ತಲೆಗೆ ಹೇಗೆ ಕೂರುತ್ತದೆ, ಹೊರಗಿನ ಗದ್ದಲವನ್ನು ಎಷ್ಟು ತಡೆಯುತ್ತದೆ, ನಾದ ಹೇಗಿದೆ, ಫೋನಿನಲ್ಲಿ ಮಾತಾಡುವಾಗ ಆಚೆಯವರಿಗೆ ನಮ್ಮ ದನಿ ಹೇಗೆ ಕೇಳುತ್ತದೆ, ಈ ನಾಲ್ಕೂ ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಅಂಗಡಿಯ ಕೌಂಟರ್ ಪ್ರಾಮಾಣಿಕ ಉತ್ತರ ಕೊಡುತ್ತದೆ. ನಾದದ ವಿಷಯದಲ್ಲಿ ಅದು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಗದ್ದಲ ತಡೆಯುವ ಶಕ್ತಿಯನ್ನು ತಿಳಿಯಲು ಲೋಕಲ್ ರೈಲಿಗಿಂತ ಒಳ್ಳೆಯ ಪರೀಕ್ಷಾಶಾಲೆ ಮುಂಬಯಿಯಲ್ಲಿಲ್ಲ. ಯಾವ ಪ್ರಶ್ನೆಯನ್ನು ಯಾವ ಜಾಗದಲ್ಲಿ ಕೇಳಬೇಕೆಂದು ಗೊತ್ತಿದ್ದರೆ ಸುತ್ತಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಹೊರಡುವ ಮುನ್ನ

ಅಂಗಡಿಯವರ ಫೋನಿನಲ್ಲಿ, ಅಂಗಡಿಯವರು ಹಾಕಿಟ್ಟ ಹಾಡಿನಲ್ಲಿ ಯಾವ ಹೆಡ್‌ಫೋನನ್ನೂ ಅಳೆಯಬಾರದು. ಡೆಮೊ ಹಾಡುಗಳನ್ನು ಆರಿಸುವುದೇ ಆ ಹೆಡ್‌ಫೋನಿನ ಗುಣ ಎದ್ದು ಕಾಣಲಿ, ದೋಷ ಮರೆಯಾಗಲಿ ಎಂದು. ನಾಳೆ ಯಾವ ಫೋನಿಗೆ ಜೋಡಿಸುತ್ತೀರೋ ಅದನ್ನೇ ಒಯ್ಯಿರಿ. ಇದಕ್ಕೆ ತಾಂತ್ರಿಕ ಕಾರಣವೂ ಇದೆ. ಹಾಡನ್ನು ಕುಗ್ಗಿಸಿ ಬ್ಲೂಟೂತ್ ಮೂಲಕ ಸಾಗಿಸುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಸೋನಿಯ ಎಲ್‌ಡಿಎಸಿ ಕೋಡೆಕ್ ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ದತ್ತಾಂಶ ಸಾಗಿಸಬಲ್ಲದು, ಆದರೆ ಐಫೋನ್‌ಗಳು ಅದನ್ನು ಬೆಂಬಲಿಸುವುದಿಲ್ಲ. ಅವು ಎಎಸಿ ಕೋಡೆಕ್‌ನಲ್ಲೇ ಮಾತಾಡುತ್ತವೆ. ಹೀಗಿರುವಾಗ ಆಂಡ್ರಾಯ್ಡ್ ಫೋನಿನಲ್ಲಿ ಕೇಳಿ ಮೆಚ್ಚಿದ್ದನ್ನು ಐಫೋನಿಗೆಂದು ಕೊಳ್ಳುವುದು ಸರಿಯಾದ ಕ್ರಮವಲ್ಲ. ಈಗಿನ ಹೆಚ್ಚಿನ ಫೋನುಗಳಲ್ಲಿ 3.5 ಮಿಲಿಮೀಟರಿನ ಕಿಂಡಿ ಇಲ್ಲದಿರುವುದರಿಂದ, ತಂತಿಯ ಹೆಡ್‌ಫೋನ್ ನೋಡುವವರು ಯುಎಸ್‌ಬಿ-ಸಿ ಅಡಾಪ್ಟರನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಅದೊಂದು ಇಲ್ಲದೆ ಬರಿಗೈಲಿ ವಾಪಸಾಗುವವರು ಬಹಳ. ಹಾಡುಗಳನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳುವುದೂ ಅಷ್ಟೇ ಮುಖ್ಯ, ಏಕೆಂದರೆ ಮಾಲ್‌ಗಳ ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ಸಿಗುವ ಭರವಸೆ ಇಲ್ಲ, ನೆಟ್‌ವರ್ಕ್ ಕುಂಟಿದರೆ ಆ್ಯಪ್ ತಾನಾಗಿ ಕಡಿಮೆ ಗುಣಮಟ್ಟಕ್ಕೆ ಇಳಿಯುತ್ತದೆ.

ಹಾಡುಗಳ ಆಯ್ಕೆಯಲ್ಲಿ ಕನ್ನಡಿಗರಿಗೆ ಒಳ್ಳೆಯ ಅನುಕೂಲವಿದೆ. ಯಕ್ಷಗಾನದ ಚೆನ್ನಾಗಿ ಧ್ವನಿಮುದ್ರಿತವಾದ ಒಂದು ಪದ್ಯಕ್ಕಿಂತ ಕಠಿಣವಾದ ಪರೀಕ್ಷೆ ಯಾವ ಕಂಪನಿಯ ಡೆಮೊ ಪಟ್ಟಿಯಲ್ಲೂ ಸಿಗುವುದಿಲ್ಲ. ಚೆಂಡೆಯ ಪೆಟ್ಟು ಚುರುಕಾಗಿ ಎದ್ದು ಥಟ್ಟನೆ ನಿಲ್ಲಬೇಕು, ಅದರ ಕೆಳಗೆ ಮದ್ದಳೆಯ ನಾದ ಗುಂಡಗೆ ಬೇರೆಯಾಗಿ ಕೇಳಬೇಕು, ಭಾಗವತರ ಕೈಯ ತಾಳದ ಕಿಣಿ ಇವೆರಡರ ನಡುವೆ ಕಳೆದುಹೋಗಬಾರದು. ಬಾಸ್ ಹಿಗ್ಗಿಸಿದ ಹೆಡ್‌ಫೋನಿನಲ್ಲಿ ಮದ್ದಳೆಯೂ ಚೆಂಡೆಯೂ ಒಂದೇ ಗದ್ದಲವಾಗಿ, ಭಾಗವತರು ರಂಗಸ್ಥಳ ಬಿಟ್ಟು ಹಿಂದಿನ ಚೌಕಿಯಲ್ಲಿ ನಿಂತು ಹಾಡಿದಂತಾಗುತ್ತದೆ. ತೀಕ್ಷ್ಣ ಸ್ವರಗಳನ್ನು ಎತ್ತಿ ಕಟ್ಟಿದ ಹೆಡ್‌ಫೋನಿನಲ್ಲಾದರೆ ಎರಡು ನಿಮಿಷದ ಏರುಪದ್ಯ ಕೇಳುವಷ್ಟರಲ್ಲಿ ಕಿವಿ ಚುಚ್ಚತೊಡಗುತ್ತದೆ.

ಎರಡನೆಯದಾಗಿ ಒಂದು ಹಿಂದೂಸ್ತಾನಿ ಆಲಾಪ ಇರಲಿ. ಗದಗದ ಸೀಮೆಯಲ್ಲಿ 1922ರಲ್ಲಿ ಹುಟ್ಟಿ ಪುಣೆಯನ್ನು ಮನೆ ಮಾಡಿಕೊಂಡ, ಕುಂದಗೋಳದ ಗುರುವಿನ ನೆನಪಿನಲ್ಲಿ 1953ರಿಂದ ಅದೇ ಪುಣೆಯಲ್ಲಿ ಸವಾಯಿ ಗಂಧರ್ವ ಸಂಗೀತೋತ್ಸವ ನಡೆಸಿಕೊಂಡು ಬಂದ ಭೀಮಸೇನ ಜೋಶಿಯವರ ಧ್ವನಿಮುದ್ರಣಗಳು ಇಲ್ಲಿಯ ಯಾವ ಕನ್ನಡಿಗರ ಫೋನಿನಲ್ಲಿ ಇರುವುದಿಲ್ಲ? ಗಾಯನ ನಿಂತ ಕ್ಷಣದಲ್ಲಿ ತಂಬೂರಿಯ ನಾಲ್ಕು ತಂತಿಗಳು ಬಿಡಿಬಿಡಿಯಾಗಿ ಕೇಳುತ್ತವೆಯೋ ಅಥವಾ ಬರೀ ಝೇಂಕಾರದ ಮೋಡವಾಗಿವೆಯೋ ಎಂದು ಗಮನಿಸಿದರೆ ಸಾಕು. ಒಂದು ಎಚ್ಚರಿಕೆ: ಹಳೆಯ ಮುದ್ರಣಗಳಲ್ಲಿ ಬಹಳಷ್ಟು ಮೊನೊ, ಅಂದರೆ ಎರಡೂ ಕಿವಿಗೆ ಒಂದೇ ನಾದ ಕೊಡುವಂಥವು ಆಗಿರುವುದರಿಂದ ಎಡ-ಬಲಗಳ ಹರವನ್ನು ಅವುಗಳಿಂದ ಅಳೆಯಲಾಗದು, ಅದಕ್ಕೆ ಹೊಸ ಸ್ಟೀರಿಯೊ ಮುದ್ರಣವೇ ಬೇಕು. ಮೂರನೆಯದು ಬರೀ ಮಾತು. ಕನ್ನಡ ವಾರ್ತೆಯೋ ತಾಳಮದ್ದಳೆಯ ಅರ್ಥಗಾರಿಕೆಯೋ ಆಗಬಹುದು. ನಮಗೆ ಅತಿ ಪರಿಚಿತವಾದ ನಾದ ಮನುಷ್ಯನ ಮಾತು, ಅದರಲ್ಲಿ ಕೃತಕತೆ ಇದ್ದರೆ ಕಿವಿ ತಕ್ಷಣ ಹಿಡಿಯುತ್ತದೆ. ‘ಸ’, ‘ಶ’ ಅಕ್ಷರಗಳು ಸುಂಯ್ಗುಡುತ್ತಿದ್ದರೆ ಆ ಹೆಡ್‌ಫೋನಿನಲ್ಲಿ ಗಂಟೆಗಟ್ಟಲೆ ಏನನ್ನೂ ಕೇಳುವುದು ಕಷ್ಟ.

ಮುಂಬಯಿಯ ಜಾಗಗಳು

ಒಂದು ಕಾಲದಲ್ಲಿ ಕಾಲಾ ಘೋಡಾದ ರಿದಂ ಹೌಸ್‌ನಲ್ಲಿ ಸಂಗೀತವನ್ನೇ ಮೊದಲು ಕೇಳಿ ಆಮೇಲೆ ಕೊಳ್ಳುವ ಅವಕಾಶವಿತ್ತು. ಆ ಅಂಗಡಿ 2016ರಲ್ಲಿ ಬಾಗಿಲು ಹಾಕಿತು. ಈಗ ಕೂತು ನಿಧಾನವಾಗಿ ಕೇಳುವಂತಹ ಜಾಗಗಳನ್ನು ನಾವೇ ಹೊಂದಿಸಿಕೊಳ್ಳಬೇಕು.

ಯಾವ ಮುಲಾಜೂ ಇಲ್ಲದೆ ಹಾಕಿ ನೋಡಬಹುದಾದ ಜಾಗವೆಂದರೆ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಜಿಯೊ ವರ್ಲ್ಡ್ ಡ್ರೈವ್ ಮಾಲ್‌ನಲ್ಲಿ 2023ರ ಏಪ್ರಿಲ್ 18ರಂದು ತೆರೆದ ಆ್ಯಪಲ್‌ನ ಸ್ವಂತ ಮಳಿಗೆ. ಏರ್‌ಪಾಡ್ಸ್ ಮ್ಯಾಕ್ಸ್ ಕೊಳ್ಳುವ ಉದ್ದೇಶವಿಲ್ಲದವರಿಗೂ ಅಲ್ಲಿ ಒಂದು ಪಾಠವಿದೆ. ಸುಮಾರು 385 ಗ್ರಾಂ ತೂಗುವ ಅದನ್ನು ಹತ್ತು ನಿಮಿಷ ತಲೆಯ ಮೇಲಿಟ್ಟುಕೊಂಡು, ಆಮೇಲೆ ಬೇರೆ ಅಂಗಡಿಯಲ್ಲಿ ಸುಮಾರು 250 ಗ್ರಾಂ ತೂಗುವ ಸೋನಿಯ ಡಬ್ಲ್ಯುಎಚ್-1000ಎಕ್ಸ್‌ಎಂ5 ಹಾಕಿಕೊಂಡರೆ, ತೂಕದ ಅಂಕಿ ಕತ್ತಿಗೆ ಏನೆಂದು ತಿಳಿಯುತ್ತದೆ. ಕಿವಿಯೊಳಗಿನ ಏರ್‌ಪಾಡ್ಸ್ ಪ್ರೊ ಬೇಕೆನ್ನುವವರು ಐಫೋನಿನಲ್ಲೇ ಇರುವ ಇಯರ್ ಟಿಪ್ ಪರೀಕ್ಷೆಯನ್ನು ನಡೆಸಿ ನೋಡಬಹುದು. ಯಾವ ಅಳತೆಯ ರಬ್ಬರು ಕಿವಿಯನ್ನು ಸರಿಯಾಗಿ ಮುಚ್ಚುತ್ತದೆಂದು ಅದು ಅಳೆದು ಹೇಳುತ್ತದೆ. ಇಂತಹ ಮಳಿಗೆಯಲ್ಲಿ ಆ ಕಂಪನಿಯದನ್ನು ಬಿಟ್ಟು ಮತ್ತೊಂದನ್ನು ಹೋಲಿಸಲು ಆಗದು ಎಂಬುದು ಅದರ ಮಿತಿ.

ಹೋಲಿಕೆಗೆ ಚೈನ್ ಅಂಗಡಿಗಳೇ ಗತಿ. 2006ರಲ್ಲಿ ಜುಹುವಿನಲ್ಲಿ ಮೊದಲ ಮಳಿಗೆ ತೆರೆದ ಕ್ರೋಮಾ, 1967ರಿಂದ ಈ ಊರಿನಲ್ಲೇ ಬೆಳೆದ ವಿಜಯ್ ಸೇಲ್ಸ್, ಮತ್ತು ರಿಲಯನ್ಸ್ ಡಿಜಿಟಲ್, ಈ ಮೂರರ ಒಂದಾದರೂ ಶಾಖೆ ಉಪನಗರದ ಹೆಚ್ಚಿನ ಸ್ಟೇಷನ್‌ಗಳಿಂದ ರಿಕ್ಷಾ ದೂರದಲ್ಲಿರುತ್ತದೆ. ಇಲ್ಲಿ ಸೋನಿ, ಬೋಸ್, ಜೆಬಿಎಲ್, ಸೆನ್‌ಹೈಸರ್‌ಗಳನ್ನು ಒಂದೇ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ನೋಡುವ ಸಾಧ್ಯತೆ ಇದೆ. ಆದರೆ ಎಲ್ಲ ಶಾಖೆಗಳೂ ಒಂದೇ ಸಮನಲ್ಲ. ಸಣ್ಣ ಶಾಖೆಯಲ್ಲಿ ಡೆಮೊ ಪೀಸ್ ಇರುವುದಿಲ್ಲ, ಇದ್ದರೆ ಚಾರ್ಜ್ ಇರುವುದಿಲ್ಲ, ಚಾರ್ಜ್ ಇದ್ದರೆ ಅದನ್ನು ಕಟ್ಟಿಹಾಕಿದ ಉಕ್ಕಿನ ತಂತಿ ಎಷ್ಟು ಗಿಡ್ಡವೆಂದರೆ ನೆಟ್ಟಗೆ ನಿಂತು ಹಾಕಿಕೊಳ್ಳಲೂ ಆಗುವುದಿಲ್ಲ. ನೂರಾರು ತಲೆ ಕಂಡ ಆ ಡೆಮೊ ಪೀಸಿನ ಕುಶನ್ ಚಪ್ಪಟೆಯಾಗಿ, ಚರ್ಮದಂತಹ ಹೊದಿಕೆ ಸುಕ್ಕುಗಟ್ಟಿರುತ್ತದೆ. ಹೊಸದರ ಕುಶನ್ ಇದಕ್ಕಿಂತ ದಪ್ಪ, ಹಿಡಿತವೂ ಬಿಗಿ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಪರೀಕ್ಷಿಸಬೇಕು. ಹೋಗುವ ಮುನ್ನ ಶಾಖೆಗೆ ಫೋನ್ ಮಾಡಿ, ಮಾಡೆಲ್‌ನ ಹೆಸರು ಹೇಳಿ, ‘ಡೆಮೊ ಪೀಸ್ ಚಾಲೂ ಇದೆಯೇ’ ಎಂದು ಕೇಳಿ. ‘ಸ್ಟಾಕ್ ಇದೆ’ ಎಂಬ ಉತ್ತರ ಬಂದರೆ ಅದು ನಿಮ್ಮ ಪ್ರಶ್ನೆಗೆ ಉತ್ತರವಲ್ಲ.

ದೊಡ್ಡ ಮಾಲ್‌ಗಳಲ್ಲಿರುವ ಆಯಾ ಬ್ರ್ಯಾಂಡಿನ ಮಳಿಗೆಗಳಲ್ಲಿ ಡೆಮೊ ಪೀಸುಗಳು ಸಾಮಾನ್ಯವಾಗಿ ಉತ್ತಮ ಸ್ಥಿತಿಯಲ್ಲಿರುತ್ತವೆ. ಬೋಸ್ ಕಂಪನಿ 2020ರಲ್ಲಿ ಅಮೆರಿಕ, ಯುರೋಪು, ಜಪಾನ್, ಆಸ್ಟ್ರೇಲಿಯಾಗಳಲ್ಲಿ ತನ್ನ ಅಂಗಡಿಗಳನ್ನು ಮುಚ್ಚುವುದಾಗಿ ಘೋಷಿಸಿದಾಗಲೂ ಭಾರತದವನ್ನು ಉಳಿಸಿಕೊಂಡಿತು. ಮುಟ್ಟಿ, ಹಾಕಿ, ಕೇಳಿದ ಮೇಲೆಯೇ ದುಡ್ಡು ಬಿಚ್ಚುವ ನಮ್ಮ ಗಿರಾಕಿಗಳ ಸ್ವಭಾವಕ್ಕೆ ಈ ನಿರ್ಧಾರ ಒಗ್ಗುವಂತಿದೆ ಎಂದು ನನ್ನ ಅನಿಸಿಕೆ. ವಾರದ ದಿನ, ಬೆಳಿಗ್ಗೆ ಹನ್ನೊಂದೂವರೆ ಹನ್ನೆರಡರ ಹೊತ್ತಿಗೆ ಹೋದರೆ ಸಿಬ್ಬಂದಿಗೆ ಪುರುಸೊತ್ತಿರುತ್ತದೆ, ಮಾಲ್‌ನ ಗದ್ದಲವೂ ಕಡಿಮೆ.

ಹೆಚ್ಚಿನವರ ಲಕ್ಷ್ಯಕ್ಕೆ ಬಾರದ, ಆದರೆ ನಾನು ಎಲ್ಲಕ್ಕಿಂತ ಹೆಚ್ಚು ಶಿಫಾರಸು ಮಾಡುವ ಜಾಗವೆಂದರೆ ಸಂಗೀತ ವಾದ್ಯಗಳ ಅಂಗಡಿ. 1865ರಲ್ಲಿ ಆರಂಭವಾದ ಫುರ್ಟಾಡೋಸ್ ಧೋಬಿ ತಲಾವ್‌ನ ಜೇರ್ ಮಹಲ್ ಕಟ್ಟಡದ ಹೆಸರಿನೊಡನೆ ಬೆಸೆದುಕೊಂಡಿರುವ ಹಳೆಯ ಸಂಸ್ಥೆ. ಮರೀನ್ ಲೈನ್ಸ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಗಿಟಾರು, ಕೀಬೋರ್ಡುಗಳ ನಡುವೆ ಇಂತಹ ಅಂಗಡಿಗಳು ಸ್ಟುಡಿಯೊ ಹೆಡ್‌ಫೋನುಗಳನ್ನೂ ಇಟ್ಟಿರುತ್ತವೆ. ಅಲ್ಲಿಯ ಗಿರಾಕಿ ಹಾಡುಗಾರನೋ ಸೌಂಡ್ ಎಂಜಿನಿಯರನೋ ಆಗಿರುವುದರಿಂದ ಕೇಳಿ ನೋಡುವುದು ಅಲ್ಲಿ ರೂಢಿಯೇ ಹೊರತು ದಾಕ್ಷಿಣ್ಯದ ಸಂಗತಿಯಲ್ಲ. ಒಂದೇ ಹೆಸರಿನ ಕಂಪನಿಯ ಒಂದು ಮಾಡೆಲ್ ಮಾಲ್‌ನಲ್ಲಿ, ಇನ್ನೊಂದು ವಾದ್ಯದಂಗಡಿಯಲ್ಲಿ ಏಕೆ ಸಿಗುತ್ತದೆ ಎಂದು ಗೊಂದಲವಾಗಬಹುದು. ಸೆನ್‌ಹೈಸರ್ ತನ್ನ ಗ್ರಾಹಕ ವಿಭಾಗವನ್ನು ಸ್ವಿಟ್ಜರ್‌ಲೆಂಡಿನ ಸೊನೋವಾ ಸಂಸ್ಥೆಗೆ ಮಾರಿ, 2022ರಿಂದ ವೃತ್ತಿಪರ ಉಪಕರಣಗಳನ್ನಷ್ಟೇ ತನ್ನಲ್ಲಿ ಉಳಿಸಿಕೊಂಡಿದೆ. ಹಾಗೆಯೇ ಸ್ಯಾಮ್‌ಸಂಗ್ ಒಡೆತನದ ಹಾರ್ಮನ್ ಸಂಸ್ಥೆಯ ಎರಡು ಹೆಸರುಗಳಲ್ಲಿ ಜೆಬಿಎಲ್ ಮಾಲ್‌ನ ಕಡೆಗೂ ಎಕೆಜಿ ಸ್ಟುಡಿಯೊದ ಕಡೆಗೂ ವಾಲುತ್ತವೆ. ಮನೆಯಲ್ಲಿ ಕೂತು ಸಂಗೀತವನ್ನೇ ಕೇಳುವವರು, ಬ್ಲೂಟೂತ್ ಬೇಡವೆನ್ನುವವರು, ಆಡಿಯೊ-ಟೆಕ್ನಿಕಾದ ಎಟಿಎಚ್-ಎಂ50ಎಕ್ಸ್‌ನಂತಹ ತಂತಿಯ ಹೆಡ್‌ಫೋನನ್ನು ಒಮ್ಮೆ ಇಲ್ಲಿ ಹಾಕಿ ನೋಡುವುದು ಲೇಸು. ಅದೇ ಬೆಲೆಯ ಬ್ಲೂಟೂತ್ ಹೆಡ್‌ಫೋನಿನ ಎದುರು ಅದರ ಸ್ಪಷ್ಟತೆ ಎದ್ದು ಕಾಣುತ್ತದೆ.

ವಾದ್ಯದಂಗಡಿಯಲ್ಲಿ ಇಂಪೀಡೆನ್ಸ್ ಎಂಬ ಅಂಕಿಯನ್ನು ನೋಡಲು ಮರೆಯಬಾರದು. ವಿದ್ಯುತ್ತಿಗೆ ಹೆಡ್‌ಫೋನ್ ಒಡ್ಡುವ ತಡೆ ಅದು, ಓಮ್‌ಗಳಲ್ಲಿ ಅಳೆಯುತ್ತಾರೆ. ಬೇಯರ್‌ಡೈನಾಮಿಕ್‌ನ ಡಿಟಿ 770 ಪ್ರೊ ಒಂದೇ ಹೆಸರಿನಲ್ಲಿ 32, 80, 250 ಓಮ್‌ಗಳ ಆವೃತ್ತಿಗಳಲ್ಲಿ ಬಂದಿದೆ. ಸೆನ್‌ಹೈಸರ್‌ನ ಎಚ್‌ಡಿ 600 ಅಂತೂ 300 ಓಮ್‌ನದು. ಅಂಗಡಿಯಲ್ಲಿ ಅದನ್ನು ಆಡಿಯೊ ಇಂಟರ್‌ಫೇಸಿಗೋ ಆಂಪ್ಲಿಫೈಯರಿಗೋ ಜೋಡಿಸಿ ಕೇಳಿಸಿದರೆ ಭರ್ಜರಿಯಾಗಿ ಕೇಳುತ್ತದೆ, ಮನೆಗೆ ತಂದು ಫೋನಿಗೆ ಸಿಕ್ಕಿಸಿದರೆ ವಾಲ್ಯೂಮ್ ತುದಿಗೇರಿಸಿದರೂ ಜೀವವಿರುವುದಿಲ್ಲ. ನಿಮ್ಮದೇ ಅಡಾಪ್ಟರಿನಲ್ಲಿ ಹಾಕಿ ಕೇಳುವುದೊಂದೇ ಇದಕ್ಕೆ ಪರಿಹಾರ.

ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕಿರುವ ಲ್ಯಾಮಿಂಗ್ಟನ್ ರೋಡಿನ ಬಗ್ಗೆ ಎರಡು ಮಾತು. ಹೆಸರು ಡಾ. ದಾದಾಸಾಹೇಬ್ ಭಡಕಮಕರ ಮಾರ್ಗವೆಂದು ಬದಲಾಗಿದ್ದರೂ ಹಳೆಯ ಗವರ್ನರನ ಹೆಸರನ್ನು ಯಾರೂ ಬಿಟ್ಟಿಲ್ಲ. ಬೆಲೆಯ ಚೌಕಾಸಿಗೆ, ಕೇಬಲ್ಲು, ಅಡಾಪ್ಟರು, ಬದಲಿ ಕುಶನ್ನುಗಳಿಗೆ ಅದು ಒಳ್ಳೆಯ ಜಾಗ. ಕೇಳಿ ನೋಡಲು ಅಷ್ಟಾಗಿ ಅಲ್ಲ. ನಾಲ್ಕು ಜನ ನಿಂತರೆ ತುಂಬುವ ಅಂಗಡಿಗಳಲ್ಲಿ ಸೀಲ್ ಒಡೆಯದ ಬಾಕ್ಸ್ ಪೀಸ್ ಮಾರುವುದೇ ಪದ್ಧತಿ, ಸೀಲ್ ಒಡೆದರೆ ಮಾಲು ನಿಮ್ಮದೇ. ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿನಲ್ಲಿ ಬರೀ ನೋಡಿ ಹೋಗಲು ಬಂದಿದ್ದೇನೆಂದು ಹೇಳಿದರೆ ಬೋಣಿ ಕೆಡಿಸಿದಿರೆಂದು ಮುಖ ಸಿಂಡರಿಸುತ್ತಾರೆ. ಮಧ್ಯಾಹ್ನದ ಮೇಲೆ ಹೋಗಿ. ಭಾನುವಾರ ಬಹುತೇಕ ಶಟರ್ ಎಳೆದಿರುತ್ತದೆ. ಮನೀಶ್ ಮಾರ್ಕೆಟ್, ಹೀರಾ ಪನ್ನಾ ಮಾರುಕಟ್ಟೆಗಳತ್ತ ಈ ಕೆಲಸಕ್ಕೆ ಸುಳಿಯದಿರುವುದು ಮೇಲು. ಅಮೆರಿಕದ ವಾಣಿಜ್ಯ ಪ್ರತಿನಿಧಿ ಕಚೇರಿ 2021ರಲ್ಲಿ ಪ್ರಕಟಿಸಿದ ನಕಲಿ ಮಾಲಿನ ಕುಖ್ಯಾತ ಮಾರುಕಟ್ಟೆಗಳ ಪಟ್ಟಿಯಲ್ಲೇ ಹೀರಾ ಪನ್ನಾದ ಹೆಸರಿತ್ತು. ‘ಫಸ್ಟ್ ಕಾಪಿ’ಯನ್ನು, ಅಂದರೆ ಅಸಲಿಯಂತೆ ಕಾಣುವ ನಕಲಿಯನ್ನು ಹಾಕಿ ನೋಡಿ ಅಸಲಿಯ ಬಗ್ಗೆ ತೀರ್ಮಾನಕ್ಕೆ ಬಂದರೆ ಎರಡು ಕಡೆಯಿಂದಲೂ ಕೆಡುತ್ತದೆ.

ವರ್ಷಕ್ಕೊಮ್ಮೆ ಸಿಗುವ ಇನ್ನೊಂದು ಅವಕಾಶ ಪಾಮ್ ಎಕ್ಸ್‌ಪೊ. ವೃತ್ತಿಪರ ಧ್ವನಿ, ಬೆಳಕು, ಸಂಗೀತೋಪಕರಣಗಳ ಈ ಮೇಳ ಗೋರೆಗಾಂವ್ ಪೂರ್ವದ ಬಾಂಬೆ ಎಕ್ಸಿಬಿಷನ್ ಸೆಂಟರಿನಲ್ಲಿ ಮೇ ಕೊನೆಯ ಹೊತ್ತಿಗೆ ನಡೆಯುತ್ತ ಬಂದಿದೆ. ನೋಂದಣಿ ಮೊದಲೇ ಮಾಡಿಸಿಕೊಳ್ಳಬೇಕು. ಸಭಾಂಗಣದೊಳಗೆ ಸ್ಪೀಕರುಗಳ ಅಬ್ಬರ ಎಷ್ಟಿರುತ್ತದೆಂದರೆ ನಾದದ ಸೂಕ್ಷ್ಮ ಅಲ್ಲಿ ತಿಳಿಯದು. ಒಂದೇ ದಿನದಲ್ಲಿ ಹಲವು ಕಂಪನಿಗಳ ಹೆಡ್‌ಫೋನ್ ತಲೆಗೆ ಹೇಗೆ ಕೂರುತ್ತದೆಂದು ನೋಡಲು ಮಾತ್ರ ಹೇಳಿಮಾಡಿಸಿದ ಜಾಗ.

ಪುಣೆ ಮತ್ತು ಗೋವಾ

ಪುಣೆಯವರು ಇದಕ್ಕೆಂದು ಮುಂಬಯಿಗೆ ಬರುವ ಅಗತ್ಯ ಈಗ ಉಳಿದಿಲ್ಲ. ಕೋರೆಗಾಂವ್ ಪಾರ್ಕಿನ ಕೋಪಾ ಮಾಲ್‌ನಲ್ಲಿ 2025ರ ಸೆಪ್ಟೆಂಬರ್ 4ರಂದು ಆ್ಯಪಲ್‌ನ ಸ್ವಂತ ಮಳಿಗೆ ತೆರೆದಿದೆ. ವಿಮಾನ್ ನಗರದ ಸುತ್ತಿನವರಿಗೆ ಅಲ್ಲಿಯ ಫೀನಿಕ್ಸ್ ಮಾರ್ಕೆಟ್‌ಸಿಟಿ ಮಾಲ್ ಇದೆ. ಹಿಂಜವಡಿಯ ಐಟಿ ಕಂಪನಿಗಳಲ್ಲಿ ದುಡಿಯುವ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಯ ತರುಣರಿಗೂ ವಾಕಡ್‌ನ ಮಾಲ್ ಆಫ್ ದಿ ಮಿಲೇನಿಯಮ್ ಆದಮೇಲೆ ದೂರ ಹೋಗುವ ಪ್ರಮೇಯವಿಲ್ಲ. ಬುಧವಾರ ಪೇಟೆಯ ತಾಪ್‌ಕೀರ್ ಗಲ್ಲಿ ಪುಣೆಯ ಲ್ಯಾಮಿಂಗ್ಟನ್ ರೋಡಿದ್ದಂತೆ, ಅದರ ಗುಣದೋಷಗಳೂ ಅವೇ. ಗಣೇಶೋತ್ಸವದ ಹತ್ತು ದಿನ ಆ ಭಾಗಕ್ಕೆ ಕಾಲಿಡುವುದೇ ಕಷ್ಟ. ಐಟಿ ಕಚೇರಿಯವರಿಗೆ ಒಂದು ಸುಲಭ ದಾರಿ ಉಂಟು: ಅಕ್ಕಪಕ್ಕದ ಮೇಜುಗಳ ಮೇಲೆ ಎಂಟು ಹತ್ತು ಬಗೆಯ ಹೆಡ್‌ಫೋನುಗಳು ಇದ್ದೇ ಇರುತ್ತವೆ, ಊಟದ ಹೊತ್ತಿನಲ್ಲಿ ಕೇಳಿ ಪಡೆದರೆ ಯಾರೂ ಇಲ್ಲವೆನ್ನುವುದಿಲ್ಲ.

ಗೋವಾದಲ್ಲಿ ಆಯ್ಕೆ ಕಡಿಮೆ. ಪಣಜಿಯ ಮತ್ತು ಪರ್ವರಿಯ ಮಾಲ್‌ಗಳನ್ನು ಬಿಟ್ಟರೆ ಪಣಜಿ, ಮಡಗಾಂವ್‌ಗಳ ಸಂಗೀತ ವಾದ್ಯದಂಗಡಿಗಳೇ ಆಧಾರ. ಬ್ಯಾಂಡಿನವರೂ ಡಿಜೆಗಳೂ ಹೆಚ್ಚಿರುವ ಸೀಮೆಯಾದ್ದರಿಂದ ಡಿಜೆ ಹೆಡ್‌ಫೋನುಗಳು ಅಲ್ಲಿ ನೋಡಲು ಸಿಗುತ್ತವೆ. ಗದ್ದಲದ ನಡುವೆ ತಾಳ ಹಿಡಿಯಲೆಂದು ಮಾಡಿದ ಅವುಗಳ ಹಿಡಿತ ಬಿಗಿ, ಬಾಸ್ ಜೋರು. ಭಾವಗೀತೆ ಕೇಳುವವರಿಗೆ ಅವು ಹೇಳಿದ್ದಲ್ಲ. ವಾಸ್ಕೊ, ಮಡಗಾಂವ್‌ಗಳ ಕನ್ನಡಿಗರು ಊರಿಗೆ ಹೋಗಿಬರುವಾಗ ಹುಬ್ಬಳ್ಳಿಯ ದೊಡ್ಡ ಅಂಗಡಿಗಳಲ್ಲಿ ನೋಡಿಕೊಂಡು ಬರುವುದೇ ಎಷ್ಟೋ ಸಲ ಅನುಕೂಲ.

ಕೌಂಟರಿನ ಮುಂದೆ

ಮೊದಲು ಹಾಡು ಹಾಕದೆ ಸುಮ್ಮನೆ ಹೆಡ್‌ಫೋನ್ ತೊಟ್ಟು ನಿಲ್ಲಿ. ಕನ್ನಡಕ ಇರುವವರು ಅದನ್ನು ತೆಗೆಯಬಾರದು. ಕನ್ನಡಕದ ಕಡ್ಡಿಯ ಮೇಲೆ ಕುಶನ್ ಕೂತಲ್ಲಿ ಬೆರಳ ತುದಿಯಿಂದ ಸವರಿದರೆ ಗಾಳಿಯಾಡುವ ಸಂದಿ ಸಿಗುತ್ತದೆಯೇ ಎಂದು ತಿಳಿಯುತ್ತದೆ. ಹಾಡು ನುಡಿಸುವಾಗ ಆ ಜಾಗವನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಒತ್ತಿದಾಗ ಮದ್ದಳೆಯ ನಾದ ಫಕ್ಕನೆ ತುಂಬಿಕೊಂಡರೆ, ಆ ಹೆಡ್‌ಫೋನ್ ನಿಮ್ಮ ಕನ್ನಡಕದೊಂದಿಗೆ ಮುಚ್ಚಿಕೊಳ್ಳುತ್ತಿಲ್ಲ ಎಂದರ್ಥ, ಬೇರೆಯದನ್ನು ನೋಡಬೇಕು. ತಲೆ ಬಗ್ಗಿಸಿ, ಎತ್ತಿ, ಏನನ್ನೋ ಅಗಿಯುವಂತೆ ದವಡೆ ಆಡಿಸಿ. ಕಿವಿಯ ಹಾಲೆ ಒಳಗಿನ ಬಟ್ಟೆಗೆ ತಾಗುತ್ತಿದ್ದರೆ ಮುಂಬಯಿಯ ಸೆಕೆಯಲ್ಲಿ ಅದು ಹತ್ತು ನಿಮಿಷಕ್ಕೇ ಬೆವರುತ್ತದೆ. ಹವಾನಿಯಂತ್ರಿತ ಅಂಗಡಿಯಲ್ಲಿ ಇದು ಗೊತ್ತಾಗುವುದಿಲ್ಲ, ಊಹಿಸಿಕೊಳ್ಳಬೇಕು. ಹದಿನೈದು ಇಪ್ಪತ್ತು ನಿಮಿಷವಾದರೂ ತೆಗೆಯದೆ ಹಾಕಿಕೊಂಡಿರಿ. ನೆತ್ತಿಯ ಮೇಲಿನ ಒತ್ತಡ ಆರಂಭದಲ್ಲಿ ತಿಳಿಯುವಂಥದ್ದಲ್ಲ.

ನಾದ ಹೋಲಿಸುವಾಗ ಮೋಸಹೋಗುವ ಮುಖ್ಯ ಕಾರಣ ವಾಲ್ಯೂಮ್. ಎರಡು ಹೆಡ್‌ಫೋನುಗಳಲ್ಲಿ ಒಂದು ಸ್ವಲ್ಪವೇ ಜೋರಾಗಿದ್ದರೂ ಮನಸ್ಸು ಅದನ್ನು ‘ಚೆನ್ನಾಗಿದೆ’ ಎಂದು ಓದಿಕೊಳ್ಳುತ್ತದೆ. ಬ್ಲೂಟೂತ್ ಹೆಡ್‌ಫೋನುಗಳಿಗೆ ಅವುಗಳದೇ ವಾಲ್ಯೂಮ್ ಇರುವುದರಿಂದ ಫೋನಿನ ಪಟ್ಟಿಯನ್ನು ಸಮ ಇಟ್ಟ ಮಾತ್ರಕ್ಕೆ ಜೋರು ಸಮನಾಗುವುದಿಲ್ಲ. ಆದ್ದರಿಂದ ಮೊದಲು ವಾರ್ತೆಯ ಮಾತನ್ನು ಹಾಕಿ, ಎರಡರಲ್ಲೂ ಮಾತು ಒಂದೇ ಜೋರಿನಲ್ಲಿ ಕೇಳುವಂತೆ ಹೊಂದಿಸಿಕೊಂಡು, ಆಮೇಲೆ ಹಾಡಿಗೆ ಬನ್ನಿ. ಕಿವಿಯ ನೆನಪು ಬಹಳ ಗಿಡ್ಡ. ಒಂದು ಅಂಗಡಿಯಲ್ಲಿ ಕೇಳಿದ್ದನ್ನು ಇನ್ನೊಂದು ಅಂಗಡಿಯಲ್ಲಿ ಕೇಳಿದ್ದರೊಂದಿಗೆ ಹೋಲಿಸುವುದು ಬರೀ ಊಹೆ. ಅದೇ ಹಾಡಿನ ಅದೇ ಇಪ್ಪತ್ತು ಸೆಕೆಂಡನ್ನು, ಒಂದನ್ನು ಕಳಚಿ ಇನ್ನೊಂದನ್ನು ತೊಟ್ಟು, ಬೆನ್ನುಬೆನ್ನಿಗೆ ಕೇಳಬೇಕು. ನಿಮ್ಮಲ್ಲೊಂದು ಹಳೆಯ ಹೆಡ್‌ಫೋನ್ ಇದ್ದರೆ ಅದನ್ನೂ ಒಯ್ದು ಅಳತೆಗೋಲಾಗಿ ಬಳಸಿ. ಆಗ ಬೇರೆ ಬೇರೆ ಅಂಗಡಿಗಳ ಫಲಿತಾಂಶಗಳಿಗೂ ಒಂದು ಸಮಾನ ನೆಲೆ ಸಿಗುತ್ತದೆ. ಅಂಗಡಿಯ ಗದ್ದಲ ಮೀರಿಸಲು ವಾಲ್ಯೂಮ್ ಏರಿಸುತ್ತ ಹೋಗುವ ಚಟವೂ ಒಳ್ಳೆಯದಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 40 ಗಂಟೆ, 80 ಡೆಸಿಬಲ್ ಎಂಬ ಮಿತಿ ಹೇಳಿದೆ.

ಡೆಮೊ ಪೀಸಿನಲ್ಲಿ ಹಿಂದಿನವರು ಬಿಟ್ಟುಹೋದ ಈಕ್ವಲೈಸರ್ ಸೆಟ್ಟಿಂಗ್, ಅಂದರೆ ಮಂದ್ರ, ತೀಕ್ಷ್ಣ ಸ್ವರಗಳನ್ನು ಹೆಚ್ಚು ಕಡಿಮೆ ಮಾಡಿಟ್ಟ ಹೊಂದಿಕೆ, ಉಳಿದಿರಬಹುದು. ಕೆಲವು ಹೆಡ್‌ಫೋನುಗಳು ಅದನ್ನು ಫೋನಿನಲ್ಲಲ್ಲ, ತಮ್ಮೊಳಗೇ ಉಳಿಸಿಕೊಳ್ಳುತ್ತವೆ. ನಾದ ವಿಚಿತ್ರವೆನಿಸಿದರೆ ಸಿಬ್ಬಂದಿಗೆ ಹೇಳಿ ಆ್ಯಪ್‌ನಲ್ಲಿ ಸೊನ್ನೆಗೆ ತರಿಸಿ, ಅಥವಾ ರೀಸೆಟ್ ಮಾಡಿಸಿ. ಜೋಡಿಸುವಾಗ ನಿಮ್ಮ ಫೋನಿನ ಕಾಂಟ್ಯಾಕ್ಟ್‌ಗಳನ್ನು (ಹೆಸರು, ನಂಬರುಗಳನ್ನು) ಓದುವ ಅನುಮತಿ ಕೇಳಿದರೆ ಕೊಡಬೇಡಿ, ಹೊರಡುವ ಮುನ್ನ ನಿಮ್ಮ ಫೋನಿನ ಬ್ಲೂಟೂತ್ ಪಟ್ಟಿಯಿಂದ ಅದನ್ನು ಅಳಿಸಿಬಿಡಿ.

ಕಿವಿಯೊಳಗಿನ ಇಯರ್‌ಫೋನ್‌ಗಳ ಪರೀಕ್ಷೆ ಎಲ್ಲ ಕಡೆಯೂ ಕಷ್ಟ, ನೈರ್ಮಲ್ಯದ ಪ್ರಶ್ನೆ ಇರುವುದರಿಂದ ಅಂಗಡಿಯವರನ್ನು ದೂರುವಂತೆಯೂ ಇಲ್ಲ. ನಿಮ್ಮದೇ ಒಂದು ಜೊತೆ ರಬ್ಬರ್ ಟಿಪ್‌ಗಳನ್ನೂ ಸ್ಪಿರಿಟ್ ಒರೆಸುಕಾಗದವನ್ನೂ ಒಯ್ದು ‘ಇದನ್ನು ಹಾಕಿ ನೋಡಬಹುದೇ’ ಎಂದು ಕೇಳಿದರೆ ಬ್ರ್ಯಾಂಡ್ ಮಳಿಗೆಯವರು ಒಪ್ಪುವ ಸಾಧ್ಯತೆ ಹೆಚ್ಚು. ಟಿಪ್ ಕೂರುವ ಕೊಳವೆಯ ಅಳತೆ ಒಂದೊಂದು ಕಂಪನಿಗೂ ಬೇರೆ ಎಂಬುದು ನೆನಪಿರಲಿ.

ಅಂಗಡಿಯ ಆಚೆ

ಗದ್ದಲ ತಡೆಯುವ ಹೆಡ್‌ಫೋನುಗಳು ಎಂಜಿನ್ನು, ಗಾಲಿ, ಏಸಿಗಳ ಎಡೆಬಿಡದ ಮಂದ್ರ ಸದ್ದನ್ನು ಚೆನ್ನಾಗಿ ಅಳಿಸುತ್ತವೆ. ಥಟ್ಟನೆ ಏಳುವ ಮಾತು, ಚಪ್ಪಾಳೆ, ಹಾರ್ನುಗಳನ್ನು ಅಷ್ಟಾಗಿ ಅಳಿಸಲಾರವು. ಮಾಲ್‌ನ ಸದ್ದಿನಲ್ಲಿ ಮಾತೇ ಹೆಚ್ಚಿರುವುದರಿಂದ ಅಲ್ಲಿ ನಿರಾಶೆಯಾಗುತ್ತದೆ. ಈ ಒಂದು ಗುಣಕ್ಕಾಗಿಯೇ ಹೆಚ್ಚು ಹಣ ಕೊಡುವವರು ಗೆಳೆಯರಿಂದ ಒಂದು ದಿನದ ಮಟ್ಟಿಗೆ ಕೇಳಿ ಪಡೆದು ಲೋಕಲ್ ರೈಲಿನಲ್ಲಿ ದಾದರ್‌ನಿಂದ ವಸಯಿಯವರೆಗೋ ಠಾಣೆಯವರೆಗೋ ಹೋಗಿಬರುವುದು ಉತ್ತಮ. ಬಾಗಿಲ ಬಳಿಯ ಗಾಳಿಯಲ್ಲಿ ಮೈಕ್‌ಗಳು ಭರ್ರೆನ್ನುತ್ತವೆಯೇ, ಸ್ಟೇಷನ್ನಿನ ಘೋಷಣೆ ಕೇಳುವಷ್ಟು ಹೊರಗಿನ ಸದ್ದನ್ನು ಒಳಬಿಡುವ ಮೋಡ್ ಗುಂಡಿಯಿಂದ ಬೇಗ ಸಿಗುತ್ತದೆಯೇ ಎಂದು ನೋಡಿ. ಹಳಿಯ ಬಳಿ, ರಸ್ತೆ ದಾಟುವಲ್ಲಿ ಈ ಪರೀಕ್ಷೆ ಬೇಡ. ಅದೇ ಪ್ರಯಾಣದಲ್ಲಿ ಊರಿಗೊಂದು ಫೋನ್ ಮಾಡಿದರೆ ಮೈಕಿನ ಪರೀಕ್ಷೆಯೂ ಆಗುತ್ತದೆ. ‘ಏನು, ಬಾವಿಯೊಳಗಿಂದ ಮಾತಾಡ್ತಿದ್ದೀಯಾ’ ಎಂದು ಅಮ್ಮ ಕೇಳಿದರೆ ಅದಕ್ಕಿಂತ ಸ್ಪಷ್ಟವಾದ ವರದಿ ಬೇಕಿಲ್ಲ.

ಕೇಳಿ ಪಡೆಯಲು ಗೆಳೆಯರಿಲ್ಲದವರಿಗೆ ಸಂಘಗಳಿವೆ. ಮಾತುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘಗಳಂತಹ ಕಡೆ ನಾಟಕ, ಸಂಗೀತ, ಯಕ್ಷಗಾನ ನಡೆದಾಗ ಸಭಾಂಗಣದ ಹಿಂದೆ ಧ್ವನಿ ನಿಯಂತ್ರಿಸುತ್ತ ಕೂತವರ ಕೊರಳಲ್ಲಿ ಹೆಡ್‌ಫೋನ್ ನೇತಾಡುತ್ತಿರುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಕೇಳಿದರೆ ಹಾಕಿ ನೋಡಲು ಕೊಡುತ್ತಾರೆ, ಜೊತೆಗೆ ಅದು ಎಷ್ಟು ವರ್ಷ ಬಾಳಿದೆ, ಕುಶನ್ ಯಾವಾಗ ಬದಲಿಸಿದರು ಎಂಬ ಮಾಹಿತಿಯೂ ಸಿಗುತ್ತದೆ. ಡೆಮೊ ಸಿಗದ ಮಾಡೆಲ್‌ಗಳಿಗೆ ಸೆಕೆಂಡ್ ಹ್ಯಾಂಡ್ ಮಾರುವವರೂ ಒಂದು ದಾರಿ. ಸ್ಟೇಷನ್ನಿನಂತಹ ಜನರಿರುವ ಜಾಗದಲ್ಲಿ ಭೇಟಿಯಾಗಿ, ಕೇಳಿ ನೋಡಿ, ಒಗ್ಗದಿದ್ದರೆ ಬಿಟ್ಟುಬರಬಹುದು.

ಬಿಲ್ಲಿನ ಹೊತ್ತಿಗೆ

ಅರ್ಧ ಗಂಟೆ ಕೊಟ್ಟು, ಡೆಮೊ ಚಾರ್ಜ್ ಮಾಡಿಸಿ, ನಾಲ್ಕು ಮಾಡೆಲ್ ತೋರಿಸಿದ ಅಂಗಡಿಯಲ್ಲಿ ಕೇಳಿ ನೋಡಿ, ಮೆಟ್ಟಿಲಿಳಿಯುವಾಗಲೇ ಫೋನಿನಲ್ಲಿ ಆನ್‌ಲೈನ್ ಆರ್ಡರ್ ಹಾಕುವುದು ನನಗೆ ಸರಿಕಾಣದು. ಆನ್‌ಲೈನ್ ಬೆಲೆ ತೋರಿಸಿ ಅದಕ್ಕೆ ಸಮನಾಗಿ ಕೊಡುವಿರಾ ಎಂದು ನೇರವಾಗಿ ಕೇಳಿ. ಚೈನ್ ಅಂಗಡಿಗಳಲ್ಲಿ ಮ್ಯಾನೇಜರಿಗೆ ಅಷ್ಟರ ಅಧಿಕಾರ ಇರುವುದುಂಟು. ಅಲ್ಪ ವ್ಯತ್ಯಾಸ ಉಳಿದರೆ ಅಲ್ಲೇ ಕೊಳ್ಳುವುದರಿಂದ, ಕೆಟ್ಟಾಗ ಮುಖ ನೋಡಿ ಮಾತಾಡಲು ಒಬ್ಬರು ಸಿಗುತ್ತಾರೆ.

ಕೊಡುವ ಪೆಟ್ಟಿಗೆ ಡೆಮೊ ಪೀಸಿನದಲ್ಲವೆಂದು ಖಚಿತಪಡಿಸಿಕೊಂಡು, ಅದರ ಮೇಲೆ ಗರಿಷ್ಠ ಮಾರಾಟ ಬೆಲೆ, ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ಗ್ರಾಹಕ ಸೇವೆಯ ಸಂಖ್ಯೆ ಮುದ್ರಿತವಾಗಿದೆಯೇ ನೋಡಿ. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳ ಪ್ರಕಾರ ಇವು ಇರಲೇಬೇಕು, ಇಲ್ಲದಿದ್ದರೆ ಅದು ಅಡ್ಡದಾರಿಯಿಂದ ಬಂದ ಮಾಲು, ವಾರಂಟಿ ಕೇಳಲು ಯಾರೂ ಇರುವುದಿಲ್ಲ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಬರೆಸಿಕೊಂಡು, ಪೆಟ್ಟಿಗೆಯ ಸಂಖ್ಯೆಯೊಂದಿಗೆ ಅಲ್ಲೇ ತಾಳೆ ನೋಡಿ. ಬದಲಿಸಿ ಕೊಡುವ ಅವಧಿ ಎಷ್ಟು ದಿನವೆಂದು ಬಾಯಿಮಾತಿನಲ್ಲಿ ಹೇಳಿದರೆ ಅದನ್ನೂ ಬಿಲ್ಲಿನ ಮೇಲೆ ಬರೆದು ಸಹಿ ಹಾಕಿಕೊಡಲು ಕೇಳಿ. ತಕರಾರು ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಮನೆಗೆ ಬಂದ ಮೊದಲ ರಾತ್ರಿಯೇ, ಫ್ಯಾನು ಆರಿಸಿದ ಕೋಣೆಯಲ್ಲಿ, ಅಂಗಡಿಯಲ್ಲಿ ಕೇಳಿದ ಅದೇ ಮೂರು ಮುದ್ರಣಗಳನ್ನು ಹಾಕಿ ಎಡ-ಬಲ ಎರಡೂ ಸಮನಾಗಿ ಕೇಳುತ್ತವೆಯೇ, ಮೌನದಲ್ಲಿ ಕರಕರ ಸದ್ದಿದೆಯೇ ಎಂದು ಪರೀಕ್ಷಿಸಿ. ದೋಷ ಕಂಡರೆ ಅವಧಿ ಮುಗಿಯುವವರೆಗೆ ಕಾಯದೆ ಮರುದಿನವೇ ಬಿಲ್ಲಿನೊಂದಿಗೆ ಹೋಗಿ.